ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ: ವಿಟಮಿನ್ ಉಗ್ರಾಣಗಳ ಲೆಕ್ಕ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವಿಟಮಿನ್ ಗುಳಿಗೆಗಳನ್ನು ಕೈಬಿಡುವುದು ಹೆಚ್ಚಾಗಿ ಎಲ್ಲವೂ ಸರಿಹೋಗಿದೆ ಎನಿಸುವ ಹೊತ್ತಿನಲ್ಲಿ. ಒಂದು ವರ್ಷ ಕಳೆದಿರುತ್ತದೆ, ತೂಕ ಇಳಿದಿರುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕಡಿಮೆಯಾಗಿರುತ್ತವೆ, ಮಂಡಿನೋವು ತಗ್ಗಿರುತ್ತದೆ. ಇಷ್ಟೆಲ್ಲ ಆದ ಮೇಲೂ ದಿನಕ್ಕೆ ಐದಾರು ಗುಳಿಗೆ ನುಂಗುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಿಲ್ಲಿಸಿ ಒಂದು ತಿಂಗಳಾದರೂ ಏನೂ ಆಗುವುದಿಲ್ಲ, ಆರು ತಿಂಗಳಾದರೂ ಹಲವರಿಗೆ ಏನೂ ಕಾಣುವುದಿಲ್ಲ. ಹೀಗೆ ಏನೂ ಕಾಣದಿರುವುದೇ ಇಲ್ಲಿನ ದೊಡ್ಡ ಅಪಾಯ. ದೇಹವು ಒಂದೊಂದು ಪೋಷಕಾಂಶಕ್ಕೂ ಒಂದೊಂದು ಉಗ್ರಾಣ ಇಟ್ಟುಕೊಂಡಿದೆ. ಒಂದು ಉಗ್ರಾಣ ಮೂರು ವಾರದಲ್ಲಿ ಬರಿದಾದರೆ ಇನ್ನೊಂದು ಮೂರು ವರ್ಷ ತಾಳುತ್ತದೆ, ಮತ್ತೊಂದು ದಶಕಗಳ ಕಾಲ ಸದ್ದಿಲ್ಲದೆ ಕರಗುತ್ತಾ ಹೋಗುತ್ತದೆ. ಯಾವುದು ಎಷ್ಟು ಕಾಲ ಬಾಳುತ್ತದೆ ಎಂದು ತಿಳಿದಾಗಲೇ ವೈದ್ಯರು ಬರೆದುಕೊಟ್ಟ ಆ ಉದ್ದನೆಯ ಪಟ್ಟಿ ಅರ್ಥವಾಗುವುದು.

ಮೊದಲು ಹೊಟ್ಟೆಯೊಳಗೆ ಏನು ಬದಲಾಗಿದೆ ಎಂಬುದನ್ನು ನೋಡಬೇಕು. ಇಂದು ಹೆಚ್ಚು ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಉಳಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವನ್ನಷ್ಟೇ ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇದರಿಂದ ಆಹಾರವು ಉಳಿದ ಜಠರವನ್ನೂ ಡ್ಯುವೊಡಿನಮ್ ಎಂಬ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಈ ಬೈಪಾಸ್ ಆರಂಭಿಸಿದರು. ಹುಣ್ಣಿನ ಕಾರಣಕ್ಕೆ ಜಠರದ ಭಾಗ ಕಳೆದುಕೊಂಡವರ ತೂಕ ಇಳಿಯುವುದನ್ನು ಕಂಡಿದ್ದೇ ಅವರಿಗೆ ಪ್ರೇರಣೆ. ಅದಕ್ಕೂ ಮೊದಲು, 1950ರ ದಶಕದಲ್ಲಿ ಶುರುವಾದ ಇನ್ನೊಂದು ವಿಧಾನದಲ್ಲಿ ಸಣ್ಣ ಕರುಳಿನ ಬಹುಪಾಲನ್ನೇ ಆಹಾರದ ಹಾದಿಯಿಂದ ಹೊರಗಿಡುತ್ತಿದ್ದರು. ತೂಕವೇನೋ ಇಳಿಯುತ್ತಿತ್ತು, ಆದರೆ ತೀವ್ರ ಪೋಷಕಾಂಶ ಕೊರತೆ, ಯಕೃತ್ತಿನ ವೈಫಲ್ಯ, ಮೂತ್ರಪಿಂಡದ ಕಲ್ಲುಗಳು ಕಾಣಿಸಿಕೊಂಡದ್ದರಿಂದ ಆ ವಿಧಾನವನ್ನು ಕೈಬಿಡಬೇಕಾಯಿತು. ಕರುಳಿನ ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂಬ ಪಾಠವನ್ನು ವೈದ್ಯಲೋಕ ಕಲಿತದ್ದು ಆ ರೋಗಿಗಳು ತೆತ್ತ ಬೆಲೆಯಿಂದ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಬೊಜ್ಜು ಇರುವವರ ದೇಹದಲ್ಲಿ ಪೋಷಕಾಂಶಗಳು ತುಂಬಿ ತುಳುಕುತ್ತಿರುತ್ತವೆ ಎಂಬ ತಿಳಿವಳಿಕೆ ತಪ್ಪು. ವಿಟಮಿನ್ ಡಿ, ಕಬ್ಬಿಣಾಂಶ, ಫೋಲೇಟ್ (ಗುಳಿಗೆಯ ರೂಪದಲ್ಲಿ ಫೋಲಿಕ್ ಆಮ್ಲ), ಬಿ12 ಇವುಗಳ ಕೊರತೆ ಶಸ್ತ್ರಚಿಕಿತ್ಸೆಗೆ ಮೊದಲೇ ಅನೇಕರಲ್ಲಿ ಇರುತ್ತದೆ; ವಿಟಮಿನ್ ಡಿ ಅಂತೂ ಕೊಬ್ಬಿನಲ್ಲಿ ಹಂಚಿಹೋಗಿ ರಕ್ತದಲ್ಲಿ ಕಡಿಮೆಯಾಗಿಯೇ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ರಕ್ತ ಪರೀಕ್ಷೆ ಮಾಡಿ ಕೊರತೆ ತುಂಬಬೇಕೆನ್ನುವುದು ಇದೇ ಕಾರಣಕ್ಕೆ.

ಉಗ್ರಾಣಗಳಲ್ಲಿ ತೀರಾ ಚಿಕ್ಕದು ಥಯಾಮಿನ್‌ನದು, ಅಂದರೆ ವಿಟಮಿನ್ ಬಿ1ರದು. ವಯಸ್ಕರ ದೇಹದಲ್ಲಿ ಒಟ್ಟು ಇರುವುದು ಸುಮಾರು 30 ಮಿಲಿಗ್ರಾಂ ಮಾತ್ರ, ದಿನಕ್ಕೆ ಬೇಕಾಗುವುದು ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ಪೂರೈಕೆ ನಿಂತರೆ ಎರಡು ಮೂರು ವಾರಗಳಲ್ಲಿ ಕೊರತೆ ಕಾಣಿಸಿಕೊಳ್ಳಬಲ್ಲದು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಊಟವೇ ಅತ್ಯಲ್ಪ. ಅದರ ಜೊತೆಗೆ ಕೆಲವರಿಗೆ ವಾಂತಿ ನಿಲ್ಲುವುದಿಲ್ಲ. ಆ ಸ್ಥಿತಿಯಲ್ಲಿ ಕಣ್ಣುಗುಡ್ಡೆಗಳ ಚಲನೆ ತಪ್ಪಿ ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮನಸ್ಸು ಗೊಂದಲಗೊಳ್ಳುವುದು ಶುರುವಾದರೆ ಅದು ಮಿದುಳಿನ ತುರ್ತುಸ್ಥಿತಿ. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಈ ರೋಗವನ್ನು ಮೂವರು ರೋಗಿಗಳಲ್ಲಿ ವಿವರಿಸಿದರು. ಇಬ್ಬರು ಅತಿಯಾಗಿ ಮದ್ಯ ಸೇವಿಸುತ್ತಿದ್ದ ಗಂಡಸರು. ಮೂರನೆಯವಳು ಗಂಧಕಾಮ್ಲ ಕುಡಿದು ಜಠರದ ದ್ವಾರ ಕಿರಿದಾಗಿ, ಬಿಡದೆ ವಾಂತಿ ಮಾಡಿಕೊಳ್ಳುತ್ತಿದ್ದ ಯುವತಿ. ರೋಗದ ಮೊಟ್ಟಮೊದಲ ವರದಿಯಲ್ಲಿಯೇ ಜಠರಕ್ಕೆ ಪೆಟ್ಟು ಬಿದ್ದು ವಾಂತಿಯಿಂದ ಬಳಲಿದವಳಿದ್ದರೂ, ಮುಂದೆ ಬಹುಕಾಲ ಇದನ್ನು ಮದ್ಯವ್ಯಸನಿಗಳ ಕಾಯಿಲೆಯೆಂದೇ ಭಾವಿಸಲಾಯಿತು. ಆ ಭಾವನೆ ಇಂದಿಗೂ ರೋಗನಿರ್ಣಯವನ್ನು ತಡಮಾಡಿಸುತ್ತದೆ. ದೇಹವು ಗ್ಲೂಕೋಸನ್ನು ಬಳಸಿಕೊಳ್ಳಲು ಥಯಾಮಿನ್ ಬೇಕು. ಆದ್ದರಿಂದ ವಾಂತಿಯಿಂದ ಬಳಲಿ ಬಂದ ಇಂಥ ರೋಗಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದಿರುವ ಚೂರುಪಾರು ಥಯಾಮಿನ್ ಕೂಡ ಖರ್ಚಾಗಿ ಸ್ಥಿತಿ ಉಲ್ಬಣಿಸಬಹುದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಯವರಿಗೂ ಈ ಒಂದು ಸಂಗತಿ ಗೊತ್ತಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಗೊಂದಲದ ಸ್ಥಿತಿಯಲ್ಲಿರುವ ರೋಗಿ ತನ್ನ ಶಸ್ತ್ರಚಿಕಿತ್ಸೆಯ ವಿಷಯವನ್ನು ತಾನೇ ಹೇಳಲಾರ.

ಕಬ್ಬಿಣದ ಉಗ್ರಾಣ ತಿಂಗಳುಗಳ ಲೆಕ್ಕದ್ದು. ಆಹಾರದಲ್ಲಿನ ಕಬ್ಬಿಣ ಕರಗಿ ಹೀರಿಕೊಳ್ಳುವ ರೂಪಕ್ಕೆ ಬರಲು ಜಠರದ ಆಮ್ಲ ನೆರವಾಗುತ್ತದೆ. ಹೀರಿಕೊಳ್ಳುವ ಕೆಲಸ ಹೆಚ್ಚಾಗಿ ನಡೆಯುವುದು ಡ್ಯುವೊಡಿನಮ್‌ನಲ್ಲಿ. ಬೈಪಾಸ್ ಆದವರಲ್ಲಿ ಇವೆರಡಕ್ಕೂ ಅಡ್ಡಿ. ಮುಟ್ಟಾಗುವ ಮಹಿಳೆಯರಲ್ಲಿ ಪ್ರತಿ ತಿಂಗಳ ರಕ್ತಸ್ರಾವವೂ ಸೇರುವುದರಿಂದ ಅವರಿಗೆ ಅಪಾಯ ಹೆಚ್ಚು. ಅಮೆರಿಕದ ಮೆಟಬಾಲಿಕ್ ಮತ್ತು ಬೇರಿಯಾಟ್ರಿಕ್ ಸರ್ಜರಿ ಸೊಸೈಟಿಯು 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಇಂಥವರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣವನ್ನು ಸೂಚಿಸುತ್ತದೆ. ಹಿಮೋಗ್ಲೋಬಿನ್ ಕುಸಿಯುವುದಕ್ಕೆ ಬಹಳ ಮೊದಲೇ, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂಬ ಪ್ರೋಟೀನಿನ ಮಟ್ಟ ಇಳಿಯುತ್ತದೆ, ಆದ್ದರಿಂದ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಸುಸ್ತು, ಏದುಸಿರು ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಐಸ್ ತುಂಡುಗಳನ್ನು ಅಗಿಯಬೇಕೆಂಬ ತಡೆಯಲಾಗದ ಬಯಕೆ ಕೂಡ ಕಬ್ಬಿಣದ ಕೊರತೆಯ ಸೂಚನೆಯೆಂಬುದು ಹಲವರಿಗೆ ತಿಳಿದಿಲ್ಲ. ಗುಳಿಗೆಯಿಂದ ಮಟ್ಟ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯಿದೆ.

ವಿಟಮಿನ್ ಬಿ12ರ ಕಥೆ ಇಡೀ ವಿಷಯದಲ್ಲಿ ನನಗೆ ಅತ್ಯಂತ ಆಸಕ್ತಿಯದು. ಬಾಸ್ಟನ್ನಿನ ವಿಲಿಯಂ ಕ್ಯಾಸಲ್ ಎಂಬ ತರುಣ ವೈದ್ಯರು 1920ರ ದಶಕದ ಕೊನೆಯಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಸಿದರು. ಆಗ ಪ್ರಾಣಾಂತಿಕವಾಗಿದ್ದ ಒಂದು ಬಗೆಯ ರಕ್ತಹೀನತೆಯ ರೋಗಿಗಳಿಗೆ ಬರಿಯ ಮಾಂಸ ತಿನ್ನಿಸಿದರೆ ಗುಣ ಕಾಣುತ್ತಿರಲಿಲ್ಲ. ಆರೋಗ್ಯವಂತರ ಜಠರರಸವನ್ನಷ್ಟೇ ಕೊಟ್ಟರೂ ಪ್ರಯೋಜನವಿರಲಿಲ್ಲ. ಕ್ಯಾಸಲ್ ತಾವೇ ಮಾಂಸ ತಿಂದು, ಸುಮಾರು ಒಂದು ತಾಸಿನ ನಂತರ ಅದನ್ನು ಕಕ್ಕಿ, ಸಂಸ್ಕರಿಸಿ, ನಳಿಕೆಯ ಮೂಲಕ ರೋಗಿಗಳಿಗೆ ಕೊಟ್ಟರು. ಆಗ ಅವರ ದೇಹ ಹೊಸ ಕೆಂಪು ರಕ್ತಕಣಗಳನ್ನು ತಯಾರಿಸತೊಡಗಿತು. ಆಹಾರದಲ್ಲಿ ಒಂದು ಅಂಶ, ಜಠರದಲ್ಲಿ ಇನ್ನೊಂದು ಅಂಶ, ಎರಡೂ ಕೂಡಿದರೆ ಮಾತ್ರ ಫಲ ಎಂಬುದು ಹೀಗೆ ಸಾಬೀತಾಯಿತು. ಹೊರಗಿನ ಅಂಶವಾದ ಬಿ12 ಅನ್ನು 1948ರಲ್ಲಿ ಬೇರ್ಪಡಿಸಿದರು. ಒಳಗಿನದು ಜಠರದ ಗೋಡೆಯ ಕೋಶಗಳು ಸ್ರವಿಸುವ ಒಂದು ಪ್ರೋಟೀನು. ಈ ಪ್ರೋಟೀನಿನ ಜೊತೆಗೂಡಿದ ಬಿ12 ಮಾತ್ರ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಸರಿಯಾಗಿ ಹೀರಲ್ಪಡುತ್ತದೆ.

ಈಗ ಶಸ್ತ್ರಚಿಕಿತ್ಸೆಯತ್ತ ಮರಳೋಣ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಭಾಗದಲ್ಲಿಯೇ ಈ ಕೋಶಗಳ ದೊಡ್ಡ ಪಾಲು ಹೊರಟುಹೋಗುತ್ತದೆ; ಬೈಪಾಸ್‌ನಲ್ಲಿ ಆಹಾರಕ್ಕೆ ಅವುಗಳ ಸಂಪರ್ಕವೇ ತಪ್ಪುತ್ತದೆ. ಆಹಾರದ ಪ್ರೋಟೀನಿನಿಂದ ಬಿ12 ಅನ್ನು ಬಿಡಿಸುವ ಆಮ್ಲವೂ ಸಾಲದಾಗುತ್ತದೆ. ಆದರೂ ಕೊರತೆ ಕೂಡಲೇ ಕಾಣುವುದಿಲ್ಲ, ಏಕೆಂದರೆ ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, 2ರಿಂದ 5 ಮಿಲಿಗ್ರಾಂ ಬಿ12 ದಾಸ್ತಾನಿರುತ್ತದೆ, ದಿನದ ಅಗತ್ಯ ಕೇವಲ 2.4 ಮೈಕ್ರೋಗ್ರಾಂ. ಉಗ್ರಾಣ ತುಂಬಿದ್ದವರಲ್ಲಿ ಅದು ವರ್ಷಗಟ್ಟಲೆ ಸಾಗುತ್ತದೆ. ಕೊನೆಗೆ ಬರಿದಾದಾಗ ರಕ್ತಹೀನತೆಯ ಜೊತೆಗೆ ನರಗಳ ಹಾನಿಯೂ ಬರುತ್ತದೆ: ಪಾದಗಳಲ್ಲಿ ಜುಮ್ಮೆನಿಸುವಿಕೆ, ಮರಗಟ್ಟುವಿಕೆ, ಮರೆವು. ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚು ಸೇವಿಸುವವರಲ್ಲಿ ರಕ್ತ ಸುಧಾರಿಸಿದಂತೆ ಕಂಡರೂ ನರಗಳು ಕೆಡುತ್ತಲೇ ಇರಬಹುದು, ಮತ್ತು ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗದೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಬಿ12 ಬರೆಯುವುದನ್ನು ಕಂಡು, ಅಗತ್ಯದ ನೂರಾರು ಪಟ್ಟು ಏಕೆ ಎಂದು ಬೆರಗಾಗುವವರಿದ್ದಾರೆ. ಕಾರಣ ಸರಳ: ಜಠರದ ಪ್ರೋಟೀನಿನ ನೆರವಿಲ್ಲದೆಯೂ ನುಂಗಿದ ಬಿ12ರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ತಾನಾಗಿಯೇ ಕರುಳಿನ ಗೋಡೆಯನ್ನು ದಾಟುತ್ತದೆ. ಸಾವಿರ ಮೈಕ್ರೋಗ್ರಾಂ ನುಂಗಿದರೆ ಹತ್ತು ದಕ್ಕುತ್ತದೆ, ಅಷ್ಟು ಸಾಕು. ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವುದು ಇನ್ನೊಂದು ದಾರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವವರಲ್ಲಿ ಬಿ12 ಇನ್ನಷ್ಟು ಕುಗ್ಗುತ್ತದೆ.

ಎಲ್ಲಕ್ಕಿಂತ ದೊಡ್ಡ ಉಗ್ರಾಣ ಮೂಳೆಗಳದು. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಲ್ಲಿದೆ. ರಕ್ತದಲ್ಲಿರುವ ಅಲ್ಪ ಪಾಲು ಸ್ವಲ್ಪ ತಗ್ಗಿದರೂ ಹೃದಯ ಮತ್ತು ನರಗಳ ಕೆಲಸ ಏರುಪೇರಾಗುವುದರಿಂದ, ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿ ತಂದು ಆ ಮಟ್ಟವನ್ನು ಕಾಯ್ದುಕೊಳ್ಳುತ್ತವೆ. ಹಾಗಾಗಿ ರಕ್ತದ ಕ್ಯಾಲ್ಸಿಯಂ ವರದಿ ವರ್ಷಗಳವರೆಗೆ ಸರಿಯಾಗಿಯೇ ಬರುತ್ತದೆ, ಮೂಳೆ ಮಾತ್ರ ತೆಳುವಾಗುತ್ತಿರುತ್ತದೆ. ನಿಜಸ್ಥಿತಿ ತಿಳಿಯಲು ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಟ್ಟವನ್ನೂ ವಿಟಮಿನ್ ಡಿ ಮಟ್ಟವನ್ನೂ ಒಟ್ಟಿಗೆ ನೋಡಬೇಕು. ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಆಹಾರ ಮತ್ತು ಗುಳಿಗೆ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತಾರೆ, ಜೊತೆಗೆ ರಕ್ತದ ಮಟ್ಟ ಸಾಕಷ್ಟಾಗುವವರೆಗೆ 3000 ಯೂನಿಟ್ ವಿಟಮಿನ್ ಡಿ. ಒಂದೇ ಸಲಕ್ಕೆ ಐನೂರು ಆರುನೂರು ಮಿಲಿಗ್ರಾಂ ದಾಟಿದರೆ ಹೀರಿಕೊಳ್ಳುವಿಕೆ ಕುಗ್ಗುವುದರಿಂದ ಕ್ಯಾಲ್ಸಿಯಂ ಅನ್ನು ದಿನದಲ್ಲಿ ಎರಡು ಮೂರು ಸಲ ಹಂಚಿ ಸೇವಿಸಬೇಕು. ಅದೇ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಗೆ ಅಡ್ಡಬರುವುದರಿಂದ ಇವೆರಡರ ನಡುವೆ ಕನಿಷ್ಠ ಎರಡು ತಾಸಿನ ಅಂತರವಿರಲಿ. ಸಾಮಾನ್ಯವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೋನೇಟ್ ಕರಗಲು ಆಮ್ಲ ಬೇಕು; ಕ್ಯಾಲ್ಸಿಯಂ ಸಿಟ್ರೇಟ್‌ಗೆ ಆ ಅಗತ್ಯವಿಲ್ಲ, ಆದ್ದರಿಂದ ವೈದ್ಯರು ಸಿಟ್ರೇಟನ್ನೇ ಆರಿಸುತ್ತಾರೆ. ಗುಳಿಗೆಯಿಂದ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ಹೆದರಿಕೆಯಿಂದ ಇದನ್ನು ಬಿಡುವವರಿದ್ದಾರೆ. ಬೈಪಾಸ್ ನಂತರ ನಡೆಯುವುದು ಬೇರೆಯೇ: ಕರುಳಿನಲ್ಲಿ ಹೀರದೆ ಉಳಿದ ಕೊಬ್ಬು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿದಾಗ, ಆಹಾರದಲ್ಲಿರುವ ಆಕ್ಸಲೇಟ್ ಎಂಬ ಅಂಶ ಬಿಡುಗಡೆಗೊಂಡು ರಕ್ತ ಸೇರಿ ಕಲ್ಲಿಗೆ ಕಾರಣವಾಗುತ್ತದೆ. ಊಟದೊಂದಿಗೆ ಸೇವಿಸಿದ ಸಿಟ್ರೇಟ್ ಆ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಡಲು ಸಹಾಯ ಮಾಡುತ್ತದೆ.

ವಿಟಮಿನ್ ಎ ಕಡಿಮೆಯಾದರೆ ಮಬ್ಬು ಬೆಳಕಿನಲ್ಲಿ ಕಣ್ಣು ಕಾಣದಾಗುತ್ತದೆ. ಕೊಬ್ಬಿನ ಹೀರಿಕೆಯನ್ನು ಹೆಚ್ಚು ತಗ್ಗಿಸುವ ಡ್ಯುವೊಡಿನಲ್ ಸ್ವಿಚ್ ಎಂಬ ವಿಧಾನದಲ್ಲಿ ಇದರ ಸಾಧ್ಯತೆ ಹೆಚ್ಚು.

ಕೂದಲು ಉದುರುವ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಅನೇಕರು ದಾರಿ ತಪ್ಪುವುದು ಇಲ್ಲಿ. ಶಸ್ತ್ರಚಿಕಿತ್ಸೆಯಾಗಿ ಸುಮಾರು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರತೊಡಗುತ್ತದೆ. ಶಸ್ತ್ರಚಿಕಿತ್ಸೆಯ ಆಘಾತಕ್ಕೂ ವೇಗವಾಗಿ ಇಳಿಯುವ ತೂಕಕ್ಕೂ ಕೂದಲ ಬುಡಗಳು ತೋರುವ ಪ್ರತಿಕ್ರಿಯೆ ಅದು. ಪ್ರೋಟೀನ್ ಮತ್ತು ಕಬ್ಬಿಣ ಸಾಕಷ್ಟಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಗಾಬರಿಗೊಂಡವರು ಸತು (ಜಿಂಕ್) ಮತ್ತು ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಗುಳಿಗೆಗಳನ್ನು ತಾವಾಗಿಯೇ ಹೆಚ್ಚು ಪ್ರಮಾಣದಲ್ಲಿ ನುಂಗತೊಡಗುತ್ತಾರೆ. ಸತು ಹೆಚ್ಚಾದಾಗ ಕರುಳಿನ ಕೋಶಗಳು ಲೋಹಗಳನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಅಧಿಕವಾಗಿ ತಯಾರಿಸುತ್ತವೆ. ಅದು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕೋಶ ಉದುರಿದಾಗ ತಾಮ್ರವೂ ಮಲದೊಂದಿಗೆ ಹೊರಹೋಗುತ್ತದೆ. 8ರಿಂದ 15 ಮಿಲಿಗ್ರಾಂ ಸತುವಿಗೆ 1 ಮಿಲಿಗ್ರಾಂ ತಾಮ್ರ ಜೊತೆಗಿರಬೇಕು ಎಂಬ ನಿಯಮ ಹುಟ್ಟಿದ್ದು ಈ ಕಾರಣದಿಂದ. ಬಯೋಟಿನ್‌ನ ತೊಂದರೆ ಬೇರೆ ಬಗೆಯದು: ಹೆಚ್ಚಿನ ಪ್ರಮಾಣದಲ್ಲಿ ಅದು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ಕೆಡಿಸುತ್ತದೆ. ಥೈರಾಯ್ಡ್, ಪ್ಯಾರಾಥೈರಾಯ್ಡ್, ಹೃದಯಾಘಾತ ಪತ್ತೆಗೆ ಬಳಸುವ ಟ್ರೊಪೊನಿನ್ ಪರೀಕ್ಷೆಗಳೂ ಇದರಲ್ಲಿ ಸೇರಿವೆ; ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು.

ಅಗಿಯುವ ಮಿಠಾಯಿಯಂಥ ವಿಟಮಿನ್‌ಗಳು ರುಚಿಯಾಗಿದ್ದರೂ ಅವುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ, ಥಯಾಮಿನ್ ಇರುವುದಿಲ್ಲ, ಇದ್ದರೂ ಸಾಲದು. ನಿಧಾನವಾಗಿ ಕರಗುವಂತೆ ತಯಾರಿಸಿದ ಗುಳಿಗೆಗಳು ಬೈಪಾಸ್ ಆದ ಕರುಳಿನಲ್ಲಿ ಪೂರ್ತಿ ಕರಗುವ ಮೊದಲೇ ಹೀರುವ ಜಾಗವನ್ನು ದಾಟಿಹೋಗಬಹುದು. ಗರ್ಭ ಧರಿಸುವ ಆಲೋಚನೆಯುಳ್ಳವರಿಗೆ ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಕಾಯಲು ಹೇಳುವುದು ತೂಕ ಸ್ಥಿರವಾಗಿ ಉಗ್ರಾಣಗಳು ತುಂಬಲಿ ಎಂದು. ಗರ್ಭಿಣಿಯರಲ್ಲಿ ವಿಟಮಿನ್ ಎ ರೆಟಿನಾಲ್ ರೂಪದಲ್ಲಿ ಅತಿಯಾದರೆ ಶಿಶುವಿಗೆ ಹಾನಿಯಾಗುವುದರಿಂದ ಬೀಟಾ ಕ್ಯಾರೋಟಿನ್ ರೂಪವನ್ನು ಆರಿಸುತ್ತಾರೆ. ಇಲ್ಲಿ ಹೇಳಿದ ಪ್ರಮಾಣಗಳೆಲ್ಲ ಸಾಮಾನ್ಯ ಶಿಫಾರಸುಗಳು. ಶಸ್ತ್ರಚಿಕಿತ್ಸೆಯ ಬಗೆ ಮತ್ತು ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಒಬ್ಬೊಬ್ಬರಿಗೂ ವೈದ್ಯರು ಅದನ್ನು ಹೊಂದಿಸಬೇಕು.

ಮೊದಲ ವರ್ಷದಲ್ಲಿ ಹಲವು ಸಲ, ಆಮೇಲೆ ಜೀವನಪೂರ್ತಿ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ನಡೆಯಬೇಕು. ಮೊದಲ ವರ್ಷದ ಪರೀಕ್ಷೆಗಳನ್ನು ಆಸ್ಪತ್ರೆಯೇ ನೆನಪಿಸುತ್ತದೆ. ಹತ್ತನೆಯ ವರ್ಷದಲ್ಲಿ ಊರು ಬದಲಾಗಿರುತ್ತದೆ, ವೈದ್ಯರು ಬದಲಾಗಿರುತ್ತಾರೆ, ಹೊಟ್ಟೆಯ ಮೇಲಿನ ಚಿಕ್ಕ ಗಾಯದ ಗುರುತುಗಳು ಮಾಸಿರುತ್ತವೆ. ಆಗ ಪಾದ ಮರಗಟ್ಟಿ, ನಡಿಗೆ ತೂರಾಡಿ ಬಂದವರನ್ನು ನೋಡುವ ಹೊಸ ವೈದ್ಯರಿಗೆ ವಯಸ್ಸು, ಸಕ್ಕರೆ ಕಾಯಿಲೆ, ಬೆನ್ನುಮೂಳೆಯ ಸವೆತ ಮೊದಲು ಹೊಳೆಯುವ ಕಾರಣಗಳು. ಬಿ12 ಕೊರತೆಯೂ ತಾಮ್ರದ ಕೊರತೆಯೂ ಬೆನ್ನುಹುರಿಗೆ ಬಹುಪಾಲು ಒಂದೇ ಬಗೆಯ ಹಾನಿ ಮಾಡುತ್ತವೆ. ಬಿ12 ಸರಿಯಿದ್ದರೆ ತಾಮ್ರವನ್ನೂ ನೋಡಬೇಕೆಂದು ಆ ವೈದ್ಯರಿಗೆ ತೋಚಬೇಕಾದರೆ, ಹತ್ತು ವರ್ಷದ ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾಗಿದೆ ಎಂಬ ಮಾತು ರೋಗಿಯ ಬಾಯಿಂದಲೇ ಬರಬೇಕು.