ಕತ್ತಿಗೆ ಕತ್ತಿ ತಾಗದ ಆಪರೇಷನ್: ಧ್ವನಿತಂತು ಕ್ಯಾನ್ಸರ್ ಟಿಪ್ಪಣಿ

ಮೊನ್ನೆ ಓಪಿಡಿಗೆ ಮದ್ದೂರು ಕಡೆಯ ಆಲೆಮನೆ ಕೆಲಸದವರೊಬ್ಬರು ಬಂದಿದ್ದರು. ಎರಡು ತಿಂಗಳಿಂದ ದನಿ ಕಟ್ಟಿದೆ, ಶುಂಠಿ ಕಷಾಯ ಕುಡಿದು ಸಾಕಾಯ್ತು ಅಂದರು. ಜೇಬಲ್ಲಿ ಬೀಡಿ ಕಟ್ಟು, ಜೊತೆಗೊಂದು ಅಡಿಕೆ ಪೊಟ್ಟಣ. ಬೀಡಿ ಸೇದುವವರ ದನಿ ಮೂರು ವಾರ ದಾಟಿಯೂ ಒಡಕಾಗಿಯೇ ಇದ್ದರೆ ಧ್ವನಿಪೆಟ್ಟಿಗೆ ನೋಡಲೇಬೇಕು. ಮೂಗಿನಿಂದ ಸಣ್ಣ ಸ್ಕೋಪ್ ಇಳಿಸಿದಾಗ ಬಲ ತಂತುವಿನ ಮೇಲೆ ಬಿಳಿ ದಪ್ಪ ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂತು, ಹಂತ ಟಿ1, ಅಂದರೆ ಗೆಡ್ಡೆಯ ಆರಂಭದ ಹಂತ.

ಈ ಕ್ಯಾನ್ಸರ್ ಬೇಗ ಸಿಕ್ಕಿಬೀಳುತ್ತದೆ. ಗೆಡ್ಡೆ ಚಿಕ್ಕದಿದ್ದಾಗಲೇ ದನಿ ಕೆಡುತ್ತದೆ. ತಂತುವಿನ ಅಂಚಿನಲ್ಲಿ ಕ್ಯಾನ್ಸರ್ ಹರಡುವ ದಾರಿಯಾದ ದುಗ್ಧನಾಳಗಳು (ಲಿಂಫ್ ನಾಳಗಳು) ತೀರಾ ಕಡಿಮೆ, ಹಾಗಾಗಿ ಕತ್ತಿನ ಲಿಂಫ್ ಗಂಟುಗಳಿಗೆ ಹರಡುವುದೂ ಅಪರೂಪ. ಟಿ1ರಲ್ಲಿ ಬಾಯಿಯ ಮೂಲಕವೇ ಲೇಸರ್‌ನಿಂದ ತೆಗೆಯಬಹುದು, ಇಲ್ಲವೇ ರೇಡಿಯೇಷನ್ ಕೊಡಬಹುದು. ರೋಗ ಹತೋಟಿಗೆ ತರುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ರೇಡಿಯೇಷನ್ ಅಂದರೆ ವಾರಗಟ್ಟಲೆ ಓಡಾಟ. ಲೇಸರ್ ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುತ್ತದೆ, ಮತ್ತೆ ಬಂದರೆ ಮತ್ತೆ ಮಾಡಬಹುದು.

ಲೇಸರ್ ಮಾಡುವಾಗ, ಧ್ವನಿಪೆಟ್ಟಿಗೆ ನೋಡುವ ಕೊಳವೆಯಂಥ ಲ್ಯಾರಿಂಗೋಸ್ಕೋಪ್ ಅನ್ನು ಬಾಯಿಂದ ನಾಲಿಗೆಯ ಬುಡ ದಾಟಿಸಿ, ಎದೆಯ ಮೇಲಿನ ಆಸರೆಗೆ ಬಿಗಿಯುತ್ತಾರೆ. ಸರ್ಜನ್‌ಗೆ ಎರಡೂ ಕೈ ಖಾಲಿ. 400 ಮಿ.ಮೀ. ಲೆನ್ಸಿನ ಮೈಕ್ರೋಸ್ಕೋಪ್‌ಗೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಜೋಡಿಸಿರುತ್ತದೆ. ಗಂಟಲಿಗೆ ಈ ಲೇಸರನ್ನು ತಂದವರು ವೈದ್ಯರಾದ ಸ್ಟ್ರಾಂಗ್ ಮತ್ತು ಜಾಕೋ, 1972ರಲ್ಲಿ. ಅಲೆಯುದ್ದ 10.6 ಮೈಕ್ರಾನ್. ಅದನ್ನು ನೀರು ಚೆನ್ನಾಗಿ ಹೀರುತ್ತದೆ, ಜೀವಕೋಶದಲ್ಲಿ ಬಹುಪಾಲು ನೀರೇ ಅಲ್ವಾ? ಅದಕ್ಕೇ ಸುಡುವುದು ಮೇಲುಮೇಲಿನ ಪದರವನ್ನಷ್ಟೇ. ಕಿರಣ ಕಣ್ಣಿಗೆ ಕಾಣುವುದಿಲ್ಲ, ಗುರಿಗೆ ಬೇರೆ ಕೆಂಪು ಚುಕ್ಕೆ ಬಿಡುತ್ತಾರೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಜಾಸ್ತಿ ಕೇಳುವುದು ಬೆಂಕಿಯ ಬಗ್ಗೆ. ಉಸಿರಿನ ಟ್ಯೂಬ್ ಪಕ್ಕದಲ್ಲೇ ಇದೆ, ಒಳಗೆ ಆಕ್ಸಿಜನ್. ಒಂದು ಕಿಡಿ ಸಾಕು. ಅದಕ್ಕೇ ಆಕ್ಸಿಜನ್ 30 ಪರ್ಸೆಂಟ್‌ಗಿಂತ ಕೆಳಗೆ ಇಡುತ್ತಾರೆ, ಲೇಸರ್ ತಾಳುವ ಟ್ಯೂಬನ್ನೇ ಹಾಕುತ್ತಾರೆ. ಅದರ ಕಫ್‌ಗೆ (ಟ್ಯೂಬಿನ ತುದಿಯ ಪುಟ್ಟ ಬಲೂನಿಗೆ) ಗಾಳಿಯ ಬದಲು ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ಸಲೈನ್. ಕಫ್ ಒಡೆದರೆ ನೀಲಿ ನೀರು ಎದ್ದು ಕಾಣುತ್ತದೆ. ಮುಖ, ಕಣ್ಣಿಗೆ ಒದ್ದೆ ಬಟ್ಟೆ. ಅದು ಒಣಗದಂತೆ ನೋಡಿಕೊಳ್ಳುವುದು ನಮ್ಮಂಥ ಪಿಜಿ ವಿದ್ಯಾರ್ಥಿಗಳ ಪಾಲು.

ಟಾನ್ಸಿಲ್, ನಾಲಿಗೆ ಬುಡಕ್ಕೆ ರೋಬೋಟ್ ಉಂಟು. ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿದ್ದು 2009ರಲ್ಲಿ. ನಮ್ಮಲ್ಲಿ ಜಾಸ್ತಿ ಕಾಣುವ ಕೆನ್ನೆಯ ಒಳಗಿನ ಕ್ಯಾನ್ಸರ್‌ಗೆ ಇದ್ಯಾವುದೂ ಅಷ್ಟು ಉಪಯೋಗವಿಲ್ಲ. ಅಲ್ಲಿ ದವಡೆ, ಕತ್ತಿನ ಗಂಟುಗಳ ಲೆಕ್ಕವೇ ಬೇರೆ.

ದನಿ ಸರಿಪಡಿಸಿಕೊಳ್ಳಲು ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ, ಅದು ನಮ್ಮ ಅದೃಷ್ಟ.

ಇಷ್ಟೆಲ್ಲ ಓದಿ, ಲೇಸರೇ ಸರಿ ಅಂದುಕೊಂಡೆ. ನಮ್ಮ ಹಿರಿಯ ಡಾಕ್ಟರ್ ಮೇಡಂ ಮಾತ್ರ ರೋಗಿಗೆ, "ಯಜಮಾನ್ರೇ, ನಿಮ್ಮ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಿ" ಅಂದರು. ಎರಡೇ ಹಿಡಿದವು. ಅಡಿಕೆ ಜಗಿದು ಕೆನ್ನೆ ಹಗ್ಗದಂತೆ ಬಿಗಿದಿತ್ತು. ಲ್ಯಾರಿಂಗೋಸ್ಕೋಪ್ ಇಳಿಯುವುದಿಲ್ಲ. ಚೀಟಿಯಲ್ಲಿ ರೇಡಿಯೇಷನ್ ಅಂತ ಬರೆದರು.