ಊರಿಗೆ ಬಂದು ಬರೆದುಕೊಂಡು ಹೋದವರಿಂದ ನಮ್ಮ ಹೊಲಕ್ಕೆ ಏನು ಬಂತು?

ಓದುಗರ ಪ್ರಶ್ನೆ: ಪರಿಸರ, ಸುಸ್ಥಿರ ಸಮಾಜ ಅಂತ ಸಂಶೋಧನೆ ಮಾಡುವ ಸಂಸ್ಥೆಯವರು ನಮ್ಮೂರಿಗೂ ಬಂದಿದ್ದರು. ಮನೆ ಮನೆಗೆ ಹೋಗಿ ಏನೇನೋ ಕೇಳಿ ಬರೆದುಕೊಂಡು ಹೋದರು. ಆಮೇಲೆ ಸುದ್ದಿಯೇ ಇಲ್ಲ. ಇದರಿಂದ ನಮ್ಮಂಥ ರೈತರಿಗೆ ಏನು ಉಪಯೋಗ? (ರೋಣ ತಾಲೂಕಿನಿಂದ)

ಉತ್ತರ: ಈ ಪ್ರಶ್ನೆ ನವಲಗುಂದ, ಕುಂದಗೋಳ, ಶಿಗ್ಗಾವಿ ಕಡೆಯಿಂದಲೂ ಬಂದಿದೆ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ನಾನು ಚಿಕ್ಕವನಿದ್ದಾಗ ಯಾವುದೋ ಯೋಜನೆಯಲ್ಲಿ ಹೊಗೆ ಬಾರದ ಒಲೆ ಹಾಕಿಸಿಕೊಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊಳವೆಯಲ್ಲಿ ಮಸಿ ಕಟ್ಟಿತು, ಕೇಳೋಕೆ ಯಾರೂ ಬರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ರೊಟ್ಟಿಯದು. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸಬೇಕಲ್ವಾ, ಆ ಒಲೆಯ ಬಾಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. "ಇದು ಅನ್ನ ಉಣ್ಣೋರ ಒಲಿ, ನಮಗಲ್ಲ" ಅಂತ ಅವ್ವ ಒಂದಿನ ಒಡೆದು ಹಾಕಿದಳು. ನಮ್ಮ ಅಡುಗೆಮನೆಯಲ್ಲಿ ದಿನಾ ಏನು ಬೇಯುತ್ತೆ ಅಂತ ಮೊದಲೇ ಒಬ್ಬರು ಕೂತು ನೋಡಿದ್ದರೆ ಆ ಒಲೆ ಬೇರೆ ಥರ ಇರುತ್ತಿತ್ತು.

ಹಾಗೆ ಕೂತು ನೋಡಿದವರೂ ಇದ್ದಾರೆ. ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರು 'ಅಸ್ತ್ರ' ಅನ್ನೋ ವಿಭಾಗ ಶುರು ಮಾಡಿದರು. ವಿಜ್ಞಾನ ಹಳ್ಳಿಗೆ ತಲುಪಬೇಕು ಅನ್ನೋದೇ ಅದರ ಕೆಲಸ. ಈಗ ಅದಕ್ಕೆ ಸುಸ್ಥಿರ ತಂತ್ರಜ್ಞಾನ ಕೇಂದ್ರ ಅಂತ ಹೆಸರು. ಅವರು ಕುಣಿಗಲ್ ತಾಲೂಕಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ, ಯಾವ ಕೆಲಸಕ್ಕೆ ಎಷ್ಟು ಉರುವಲು, ಎಷ್ಟು ಸೀಮೆಎಣ್ಣೆ, ಎತ್ತಿನ ದುಡಿಮೆ ಎಷ್ಟು, ಹೆಂಗಸರು ಮಕ್ಕಳ ದುಡಿಮೆ ಎಷ್ಟು ಅಂತ ಎಲ್ಲ ಲೆಕ್ಕ ಬರೆದರು. ಹಳ್ಳಿ ಬಳಸುವ ಶಕ್ತಿಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ಕಟ್ಟಿಗೆಯದು, ಅದೂ ಹೆಚ್ಚಾಗಿ ಒಲೆಗೆ. ಕರೆಂಟಿನ ಪಾಲು ತೀರಾ ಸಣ್ಣದು. ಕಟ್ಟಿಗೆ ಆರಿಸೋಕೆ ಒಂದೊಂದು ಮನೆಯವರು ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ ತಿರುಗುತ್ತಿದ್ದರು. ಇದು ಹೆಂಗಸರಿಗೆ ಮೊದಲೇ ಗೊತ್ತಿತ್ತು, ಆದರೆ ಕಾಗದದ ಮೇಲೆ ಬಂದಿರಲಿಲ್ಲ. ಕಾಗದದ ಮೇಲೆ ಇಲ್ಲದ ಕಷ್ಟಕ್ಕೆ ಯಾವ ಇಲಾಖೆಯೂ ದುಡ್ಡು ಇಡಲ್ಲ.

ಆ ಹಳ್ಳಿಗಳಲ್ಲಿ ಪುರ ಅನ್ನೋದು ಒಂದು. ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು, ಅಡುಗೆಗೆ ಅಂತ. ಇದ್ದ ದನಗಳ ಸಗಣಿ ಎಲ್ಲರ ಒಲೆಗೂ ಸಾಕಾಗಲಿಲ್ಲ. ನನಗೆ ಇಷ್ಟವಾಗೋದು ಇಲ್ಲಿಂದ ಮುಂದಿನದು. ಊರವರು ನಮಗೆ ಮೊದಲು ಕುಡಿಯೋ ನೀರು ಬೇಕು ಅಂದರು, ಸಂಶೋಧನೆ ಮಾಡುವವರು ತಮ್ಮ ಯೋಜನೆಯನ್ನೇ ಬದಲಿಸಿಕೊಂಡು ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ತೆಗೆದು, ಬೋರಿನ ನೀರು ಮನೆ ಹತ್ತಿರದ ನಲ್ಲಿಗೆ ತಂದರು, ರಾತ್ರಿ ದೀಪಕ್ಕೂ ಅದೇ ಆಯಿತು. 1987ರಲ್ಲಿ ಇದು ಶುರುವಾಯಿತು. ಸಗಣಿ ಕೊಟ್ಟ ಮನೆಗೆ ಗ್ಯಾಸು ತೆಗೆದ ಮೇಲೆ ಉಳಿದ ಗೊಬ್ಬರ ವಾಪಸ್ ಬರುತ್ತಿತ್ತು.

ಈ ಗೊಬ್ಬರ ವಾಪಸ್ ಬರೋ ಮಾತು ನಮ್ಮ ಎರೆ ಸೀಮೆಗೆ ಬಹಳ ಮುಖ್ಯ. ನಮ್ಮ ಕಡೆ ಕಾಡಿಲ್ಲ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಇವೇ ನಮ್ಮ ಉರುವಲು. ಸಿಲಿಂಡರ್ ಬಂದ ಮೇಲೂ ನೀರು ಕಾಯಿಸುವ ಹಂಡೆಯ ಕೆಳಗೆ ಉರಿಯೋದು ಇವೇ. ಕುಳ್ಳು ಸುಟ್ಟರೆ ಅದರಲ್ಲಿನ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಬೂದಿ ಉಳಿಯುತ್ತದೆ. ಅದೇ ಸಗಣಿ ಗಾಳಿ ಆಡದ ಗುಂಡಿಯಲ್ಲಿ ಕೊಳೆತರೆ ಉರಿಯುವ ಗ್ಯಾಸೂ ಸಿಗುತ್ತದೆ, ಸಾರಜನಕವೂ ಸ್ಲರಿಯಲ್ಲೇ, ಅಂದರೆ ಗ್ಯಾಸು ತೆಗೆದ ಮೇಲೆ ಉಳಿಯುವ ತೆಳು ಗೊಬ್ಬರದಲ್ಲೇ, ಉಳಿದು ಹೊಲಕ್ಕೆ ಹೋಗುತ್ತದೆ. ಸುಸ್ಥಿರ ಅನ್ನೋ ದೊಡ್ಡ ಪದಕ್ಕೆ ನಾನು ತಿಳಿದುಕೊಂಡ ಅರ್ಥ ಇಷ್ಟೇ: ಹೊಲದಿಂದ ತೆಗೆದದ್ದು ಹೊಲಕ್ಕೆ ತಿರುಗಿ ಬರಬೇಕು.

ಇನ್ನು ಮಣ್ಣು. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದ ಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಂದ ಜೋರು ಮಳೆ ಒಳಗೆ ಇಳಿಯದೆ ಮೇಲಿನ ಮಣ್ಣನ್ನು ಎತ್ತಿಕೊಂಡು ಬೆಣ್ಣೆಹಳ್ಳಕ್ಕೆ ಹೋಗುತ್ತದೆ. ಎಷ್ಟು ಹೋಯಿತು? ಕಣ್ಣಿಗೆ ಕಾಣಲ್ಲ. ಹೊಲದ ತುದಿಗೆ ತೊಟ್ಟಿ ಕಟ್ಟಿ, ಹರಿದು ಬಂದ ನೀರು, ಮಣ್ಣು ಎರಡನ್ನೂ ಅಳೆಯಬೇಕು, ಅದೂ ಒಂದು ವರ್ಷ ಅಲ್ಲ. ನಮ್ಮ ಕಡೆ ಒಂದು ವರ್ಷದ ಮಳೆ ಇನ್ನೊಂದು ವರ್ಷದ ಹಾಗೆ ಇರುತ್ತದಾ? ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1933ರ ಹೊತ್ತಿಗೇ ಶುರುವಾಗಿತ್ತು. ಈಗ ಆ ಕೇಂದ್ರ 1986ರಲ್ಲಿ ಹುಟ್ಟಿದ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿದೆ. ಚೌಕು ಮಡಿ ಮಾಡಿ ಅಂತ ಅವರು ಹೇಳುವುದರ ಹಿಂದೆ ಇಷ್ಟು ವರ್ಷದ ಅಳತೆ ಇದೆ. ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಮಡಿ ಮಾಡಿ ಬಿಟ್ಟರೆ ಮಳೆ ಅಲ್ಲಲ್ಲೇ ನಿಂತು ಇಂಗುತ್ತದೆ, ಹಿಂಗಾರಿ ಬಿಳಿಜೋಳ, ಕಡಲೆ ಆ ಹಸಿಯ ಮೇಲೆ ನಿಲ್ಲುತ್ತವೆ. ಬದು ಹಾಕೋದು ನಮ್ಮ ಹಿರಿಯರಿಗೂ ಗೊತ್ತಿತ್ತು, ಅಳತೆ ಅದಕ್ಕೆ ಬಲ ಕೊಟ್ಟಿತು.

ಹಾಗಾಗಿ ನಿಮ್ಮೂರಿಗೆ ಬಂದವರು ಇನ್ನೂ ಏನೂ ಹೇಳಿಲ್ಲ ಅಂದರೆ ಕೆಲಸ ಮುಗಿಯದೆಯೂ ಇರಬಹುದು. ಆದರೆ ಮುಗಿದ ಮೇಲೆ ಬಂದು ಹೇಳದಿದ್ದರೆ ಅದು ತಪ್ಪೇ, ನಾನು ಅದನ್ನು ಸಮರ್ಥಿಸಲ್ಲ. ನಿಮ್ಮ ಹೊಲದ ಲೆಕ್ಕ ನಿಮ್ಮದು. ಮುಂದಿನ ಸಲ ಯಾರಾದರೂ ಬಂದರೆ ಹೆಸರು, ಸಂಸ್ಥೆ, ಫೋನ್ ನಂಬರ್ ಬರೆಸಿಕೊಳ್ಳಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳಬೇಕು ಅಂತ ಮೊದಲೇ ಮಾತು ತೆಗೆದುಕೊಳ್ಳಿ.

ಅಲ್ಲಿವರೆಗೆ ಕಾಯಬೇಕಂತಲೂ ಇಲ್ಲ. ಗದಗ ಜಿಲ್ಲೆಯವರಿಗೆ ಹುಲಕೋಟಿಯಲ್ಲಿ, ಧಾರವಾಡದವರಿಗೆ ಸೈದಾಪುರದಲ್ಲಿ, ಹಾವೇರಿಯವರಿಗೆ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬೆಳೆ ತೆಗೆದ ಮೇಲೆ ಹೊಲದ ಏಳೆಂಟು ಕಡೆ ಗೇಣುದ್ದ ಆಳಕ್ಕೆ ಅಗೆದು ಮಣ್ಣು ತೆಗೆಯಿರಿ. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಅಲ್ಲಿ ಪರೀಕ್ಷೆಗೆ ಕೊಟ್ಟು ಬನ್ನಿ. ಬರುವ ಕಾರ್ಡಿನಲ್ಲಿ ಸಾವಯವ ಇಂಗಾಲ ಅನ್ನೋ ಸಾಲು ಹುಡುಕಿ, ಅಂದರೆ ಕೊಳೆತ ಸಗಣಿ, ಕಸಕಡ್ಡಿಯಿಂದ ಮಣ್ಣಿಗೆ ಸೇರಿದ ಇಂಗಾಲ. ಅದು ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಮಣ್ಣು ಹಸಿದಿದೆ ಅಂತ, 0.75 ದಾಟಿದರೆ ಚೆನ್ನಾಗಿದೆ ಅಂತ. ನಮ್ಮ ಹೊಲದ್ದು ಮೊದಲ ಸಲ ಅರ್ಧಕ್ಕಿಂತ ಕೆಳಗೇ ಇತ್ತು, ಅವತ್ತಿಂದ ಕುಳ್ಳು ತಟ್ಟೋದು ಬಿಟ್ಟಿದ್ದೇವೆ. ಕಾರ್ಡು ಎಸೆಯಬೇಡಿ. ಮೂರು ವರ್ಷ ಬಿಟ್ಟು ಅದೇ ಹೊಲದ ಮಣ್ಣು ಮತ್ತೆ ಕೊಟ್ಟು, ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ನೋಡಿ.