'ಅಂತೆ'ಗೆ ಮಾತ್ರೆ ಬರೆಯಲಾಗದು

ಸಂಜೆ ಏಳರಿಂದ ಎಂಟರವರೆಗೆ ನಾನು ಫೋನ್ ಮತ್ತು ವಿಡಿಯೋದಲ್ಲಿ ರೋಗಿಗಳನ್ನು ನೋಡುತ್ತೇನೆ. ಕ್ಲಿನಿಕ್ ಇರುವುದು ಶಿರಸಿಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇಲ್ಲದೆ ಶುರು ಮಾಡಿದ್ದು, ಆಮೇಲೆ ಬಿಡಲಿಲ್ಲ. ಬಿಡುವ ಮನಸ್ಸೂ ಇಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಬಸ್ಸು ಹಿಡಿಯಲಾಗದ ವಯಸ್ಸಾದವರಿಗೆ ಇದು ದೊಡ್ಡ ಆಸರೆ. ಆದರೆ ಆ ಒಂದು ತಾಸಿನಲ್ಲಿ ಹೆಚ್ಚುಕಮ್ಮಿ ದಿನವೂ ಹೀಗೊಂದು ಕರೆ ಬರುತ್ತದೆ.

"ಡಾಕ್ಟ್ರೇ, ಆಯಿಗೆ ಎರಡು ದಿನದಿಂದ ಸುಸ್ತಂತೆ. ಯಾವ ಮಾತ್ರೆ ಕೊಡಬಹುದು?"

"ಆಯಿ ಎಲ್ಲಿದ್ದಾರೆ?"

"ಊರಲ್ಲಿ, ಮನೇಲಿ."

"ನೀವು?"

"ನಾನು ಬೆಂಗಳೂರಲ್ಲಿ."

ಆ 'ಸುಸ್ತಂತೆ'ಯಲ್ಲಿರುವ 'ಅಂತೆ'ಯ ಬಗ್ಗೆಯೇ ಇವತ್ತು ಬರೆಯಬೇಕು. ಆಯಿ ಪಕ್ಕದ ಮನೆಯವರಿಗೆ ಹೇಳಿರುತ್ತಾರೆ. ಅವರು ಸೊಸೆಗೆ ಫೋನ್ ಮಾಡಿರುತ್ತಾರೆ. ಸೊಸೆ ಗಂಡನಿಗೆ, ಗಂಡ ನನಗೆ. ಇಷ್ಟು ಬಾಯಿ ದಾಟಿ ಬಂದ ಸುಸ್ತಿಗೆ ನಾನು ಮಾತ್ರೆ ಬರೆಯಬೇಕು. ಬರೆಯಲಾರೆ.

ಮಗನ ಕಾಳಜಿ ಸುಳ್ಳಲ್ಲ. ಕೆಲಸದ ನಡುವೆ ಬಿಡುವು ಮಾಡಿಕೊಂಡು ಕರೆ ಮಾಡಿರುತ್ತಾನೆ, ದುಡ್ಡನ್ನೂ ಮೊದಲೇ ಕಳಿಸಿರುತ್ತಾನೆ. ಅವನಿಗೆ ಅರ್ಥವಾಗದೇ ಇರುವುದು ಒಂದೇ. ಟೆಲಿಮೆಡಿಸಿನ್ ಎಂದರೆ ಡಾಕ್ಟರು ರೋಗಿಯನ್ನು ದೂರದಿಂದ ನೋಡುವುದು. ರೋಗಿಯ ಸುದ್ದಿಯನ್ನು ದೂರದಿಂದ ಕೇಳುವುದಲ್ಲ.

ಸುಸ್ತು ಎಂದರೆ ಏನೆಲ್ಲ ಆಗಿರಬಹುದು ನೋಡಿ. ರಕ್ತ ಕಡಿಮೆಯಾಗಿರಬಹುದು. ಥೈರಾಯ್ಡ್ ಇರಬಹುದು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತಿನ್ನುವ ವಯಸ್ಸಾದವರಲ್ಲಿ ಸೋಡಿಯಂ ಇಳಿದಿರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತಿನ ರೂಪದಲ್ಲಿ ಹೃದಯಾಘಾತ ಆಗುವುದೂ ಉಂಟು. ಯಜಮಾನರು ತೀರಿಕೊಂಡ ಮೇಲೆ ಸರಿಯಾಗಿ ಊಟ ಮಾಡುತ್ತಿಲ್ಲದಿರಬಹುದು. ಸುಸ್ತಿನ ಜೊತೆ ಜ್ವರವೂ ಇದ್ದು, ಬೇಸಿಗೆಯ ದಿನಗಳಾಗಿದ್ದರೆ, ನಮ್ಮ ಕಡೆ ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು: ತರಗೆಲೆ ತರಲು ಕಾಡಿಗೆ ಹೋಗಿದ್ದರಾ, ಮೈಮೇಲೆ ಉಣುಗು ಕಂಡಿತ್ತಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇಂದಿಗೂ ನಮ್ಮ ಸುತ್ತಮುತ್ತ ಇದೆ. ಬೆಂಗಳೂರಿನಲ್ಲಿ ಕುಳಿತ ಮಗನಿಗೆ ಆಯಿ ಕಾಡಿಗೆ ಹೋಗಿದ್ದು ಗೊತ್ತಿರುವುದಿಲ್ಲ. ಅವನ ತಪ್ಪಲ್ಲ. ಆದರೆ ಉತ್ತರ ಇರುವುದು ಆಯಿಯ ಹತ್ತಿರ ಮಾತ್ರ.

ದೂರದಿಂದ ವೈದ್ಯ ಮಾಡುವುದು ಹೊಸ ವಿದ್ಯೆಯೇನಲ್ಲ. 1905ರಲ್ಲೇ ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ ವಿಲ್ಲೆಮ್ ಐಂತೋವೆನ್ ಇದನ್ನು ಮಾಡಿ ತೋರಿಸಿದ್ದರು. ಅವರ ಇಸಿಜಿ ಯಂತ್ರ ಎತ್ತಿ ಒಯ್ಯಲಾಗದಷ್ಟು ದೊಡ್ಡದು, ಅದು ಇದ್ದದ್ದು ಪ್ರಯೋಗಾಲಯದಲ್ಲಿ. ರೋಗಿಗಳು ಇದ್ದದ್ದು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ. ನಡುವೆ ಟೆಲಿಫೋನ್ ತಂತಿ. ಹೃದಯದ ಮಿಡಿತ ತಂತಿಯಲ್ಲಿ ಹರಿದು ಬಂದು ಯಂತ್ರದಲ್ಲಿ ದಾಖಲಾಯಿತು. ಗಮನಿಸಿ, ತಂತಿಯ ಆ ತುದಿಯಲ್ಲಿ ಇದ್ದದ್ದು ರೋಗಿಯೇ. ರೋಗಿಯ ಮಗ ಅಲ್ಲ.

ಆಮೇಲೆ ಬಂದದ್ದೆಲ್ಲ ಇದೇ ದಾರಿಯಲ್ಲಿ ಬಂದದ್ದು. 2002ರ ಹೊತ್ತಿಗೆ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. 2008ರಲ್ಲಿ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಎಂಬ ಕೆಲಸ ಶುರು ಮಾಡಿದರು. ನನಗೆ ತುಂಬಾ ಇಷ್ಟವಾದ ಕೆಲಸ ಇದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕಣ್ಣಿನ ಒಳಪದರ ಕೆಡುವ ಅಪಾಯ ಇರುತ್ತದೆ. ಅದನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಪತ್ತೆ ಮಾಡದಿದ್ದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಅಷ್ಟು ಸಣ್ಣ ಕೂಸನ್ನು ಬೆಂಗಳೂರಿಗೆ ಒಯ್ಯುವುದು ಹೇಗೆ? ಅವರು ಕ್ಯಾಮೆರಾವನ್ನೇ ಗಾಡಿಯಲ್ಲಿ ಹಾಕಿಕೊಂಡು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋದರು. ತರಬೇತಿ ಪಡೆದ ತಂತ್ರಜ್ಞರು ಕೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ, ತಜ್ಞರು ದೂರದಲ್ಲಿ ಕುಳಿತು ನೋಡಿ ಹೇಳುತ್ತಾರೆ. ಇತ್ತೀಚಿನ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಹೀಗೇ. ಎದೆನೋವು ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆಯುತ್ತಾರೆ. ಅದನ್ನು ಹೃದ್ರೋಗ ತಜ್ಞರು ದೂರದಿಂದ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದು ಅಲ್ಲೇ ಸಿಗುತ್ತದೆ.

ಇಲ್ಲೆಲ್ಲ ದೂರ ಕಡಿಮೆಯಾಗಿ ರೋಗಿ ಡಾಕ್ಟರಿಗೆ ಹತ್ತಿರ ಬಂದಿದ್ದಾರೆ. ಮಗನ ಫೋನಿನಲ್ಲಿ ಆಗುವುದು ಇದರ ಉಲ್ಟಾ. ನಾನು ಮತ್ತು ಮಗ ಹತ್ತಿರವಾಗುತ್ತೇವೆ, ಆಯಿ ಇನ್ನೂ ದೂರ ಸರಿಯುತ್ತಾರೆ.

ನಿಯಮವೂ ಇದೆ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ರೋಗಿ ಜೊತೆಗಿಲ್ಲದೆ ಮನೆಯವರು ಮಾತಾಡುವುದಕ್ಕೆ ಅದರಲ್ಲಿ ಅವಕಾಶ ಇದೆ, ಆದರೆ ಎಲ್ಲರಿಗೂ ಅಲ್ಲ. ರೋಗಿ 16 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಾಗಿರಬೇಕು, ಇಲ್ಲವೇ ಮರೆಗುಳಿ ಕಾಯಿಲೆಯಂಥ ಕಾರಣಕ್ಕೆ ತಾವೇ ಮಾತಾಡಲಾಗದ ಸ್ಥಿತಿಯಲ್ಲಿರಬೇಕು. ಅದಿಲ್ಲದಿದ್ದರೆ ಮಾತಾಡುವವರ ಹತ್ತಿರ ಅಧಿಕೃತ ಒಪ್ಪಿಗೆ ಪತ್ರವೋ ರೋಗಿಯ ಜೊತೆಗಿನ ಸಂಬಂಧ ತೋರಿಸುವ ಪರಿಶೀಲಿಸಿದ ದಾಖಲೆಯೋ ಇರಬೇಕು, ಇಲ್ಲವೇ ಹಿಂದೆ ಮುಖಾಮುಖಿ ಭೇಟಿಯಲ್ಲಿ ರೋಗಿಯೇ ಅವರನ್ನು ದೃಢಪಡಿಸಿರಬೇಕು. ಎಪ್ಪತ್ತೆರಡು ವರ್ಷದ, ಬುದ್ಧಿ ಚುರುಕಾಗಿರುವ, ಅಡಿಕೆ ಕೊಯ್ಲಿನ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುವ ಆಯಿಯ ಬದಲು ಮಗ ಮಾತಾಡಬೇಕಾದ ಕಾರಣವೇನು?

ಒಂದು ಘಟನೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಬ್ಬ ಮಗಳು ಮೂರು ತಿಂಗಳಲ್ಲಿ ನಾಲ್ಕು ಸಲ ಅಮ್ಮನ ಕೆಮ್ಮಿಗೆ ಸಿರಪ್ ಕೇಳಿದ್ದರು. ಬೇರೆ ಬೇರೆ ಆ್ಯಪ್‌ನಲ್ಲಿ ಬೇರೆ ಬೇರೆ ಡಾಕ್ಟರು. ಪ್ರತಿ ಸಲವೂ ಸಿರಪ್ ಬಂತು, ಕೆಮ್ಮು ಹೋಗಲಿಲ್ಲ. ನನ್ನ ಹತ್ತಿರ ಬಂದಾಗ, ಅಮ್ಮ ಇರುವಾಗ ಮಾತ್ರ ಕರೆ ಮಾಡಿ ಎಂದೆ. ಸ್ವಲ್ಪ ಬೇಜಾರು ಮಾಡಿಕೊಂಡರು. ಎರಡು ದಿನ ಬಿಟ್ಟು ಅಮ್ಮ ವಿಡಿಯೋದಲ್ಲಿ ಬಂದರು. "ಯಂಗೆ ಎಂತದೂ ಆಜಿಲ್ಲೆ" ಎಂದು ಶುರು ಮಾಡಿದರು. ತನಗೇನೂ ಆಗಿಲ್ಲವಂತೆ. ತಿನ್ನುವ ಮಾತ್ರೆಗಳನ್ನೆಲ್ಲ ತಂದು ಕ್ಯಾಮೆರಾ ಮುಂದೆ ಹಿಡಿಯಿರಿ ಎಂದೆ. ಸಕ್ಕರೆ ಡಬ್ಬಿಯ ಹಿಂದಿನಿಂದ ಒಂದು ಸ್ಟ್ರಿಪ್ ಬಂತು. ರಾಮಿಪ್ರಿಲ್, ಬಿಪಿ ಮಾತ್ರೆ. ನಾಲ್ಕು ತಿಂಗಳ ಹಿಂದೆ ಒಬ್ಬ ಡಾಕ್ಟರು ಶುರು ಮಾಡಿದ್ದು. ಮಗಳಿಗೆ ಗೊತ್ತೇ ಇರಲಿಲ್ಲ. ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಮಾತ್ರೆ ಬದಲಿಸಿದೆವು, ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಇದನ್ನು ಓದಿ ದಯವಿಟ್ಟು ಯಾರೂ ತಾವಾಗಿ ರಾಮಿಪ್ರಿಲ್ ನಿಲ್ಲಿಸಬೇಡಿ. ಬಹಳ ಜನರಿಗೆ ಅದು ಒಳ್ಳೆಯ ಔಷಧ. ಕೆಮ್ಮಿಗೆ ಬೇರೆ ನೂರು ಕಾರಣಗಳೂ ಇವೆ.

ಇನ್ನೊಂದು ವಿಷಯ. ಕೆಲವು ಮಕ್ಕಳು ಆಯಿಯನ್ನು ವಿಡಿಯೋದಲ್ಲಿ ಕೂರಿಸುತ್ತಾರೆ, ತಾವೂ ಕಾನ್ಫರೆನ್ಸ್‌ನಲ್ಲಿ ಇರುತ್ತಾರೆ. ಒಳ್ಳೆಯದೇ. ಆದರೆ ನಾನು ಆಯಿಯನ್ನು ಕೇಳಿದ ಪ್ರಶ್ನೆಗೆಲ್ಲ ಅವರೇ ಉತ್ತರ ಕೊಡುತ್ತಾರೆ. ಐದು ನಿಮಿಷ ಸುಮ್ನೆ ಕೇಳಿಸಿಕೊಳ್ಳಿ. ಕೊನೆಗೆ ಎರಡು ನಿಮಿಷ ಕರೆಯಿಂದ ಹೊರಗೆ ಹೋಗಿ. ಕೆಮ್ಮಿದಾಗ ಮೂತ್ರ ಸೋರುವುದು, ಎದೆಯಲ್ಲಿ ಕೈಗೆ ಸಿಕ್ಕ ಗಂಟು, ನಿಂತುಹೋದ ಮುಟ್ಟು ಮತ್ತೆ ಕಾಣಿಸಿದ್ದು, ಇವನ್ನು ನಮ್ಮ ಹೆಂಗಸರು ಮಗನ ಮುಂದೆ ಹೇಳುವುದಿಲ್ಲ. ಆ ಎರಡು ನಿಮಿಷದಲ್ಲಿ ಹೇಳಿದ್ದಾರೆ.

ನೋಡುವ ಕೆಲಸ ಸಲೀಸಾಗಲು ಸ್ವಲ್ಪ ತಯಾರಿ ಬೇಕು. ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನಿಂದ ಬೇಡ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಲಿ, ಅರ್ಧ ಗಂಟೆ ಮೊದಲು ಚಹಾ ಬೇಡ. ಮದರಂಗಿ ಹಚ್ಚಿದ ಅಥವಾ ತಣ್ಣಗಿರುವ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಅಂಕಿ ತಪ್ಪು ಬರಬಹುದು. ಇದ್ಯಾವುದೂ ಮನೆಯಲ್ಲಿ ಆಗದಿದ್ದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಕರೆದುಕೊಂಡು ಹೋಗಲು ಯಾರಿಗಾದರೂ ಹೇಳಿ. ಅಲ್ಲಿಯ ಸಮುದಾಯ ಆರೋಗ್ಯಾಧಿಕಾರಿ ಬಿಪಿ, ಸಕ್ಕರೆ ನೋಡಿ, ಸರ್ಕಾರದ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವಿನಿಯಲ್ಲಿ ಡಾಕ್ಟರಿಗೆ ಜೋಡಿಸುತ್ತಾರೆ. ಖರ್ಚಿಲ್ಲ. ಮಗನ ಮೂಲಕ ನನ್ನನ್ನು ಕೇಳುವುದಕ್ಕಿಂತ ಅದು ಎಷ್ಟೋ ಮೇಲು. ಮನಸ್ಸಿನ ತೊಂದರೆಯ ವಿಷಯದಲ್ಲಿ ಮಾತ್ರ ನನ್ನ ಹಟ ಸಡಿಲ. ಮಾತೇ ಆಡದೆ ಕೂತಿರುವವರ ಬಗ್ಗೆ ಮನೆಯವರು 14416ಕ್ಕೆ ಕರೆ ಮಾಡಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನಲ್ಲಿ ಸಲಹೆ ಕೇಳಬಹುದು, ಕೇಳಲೇಬೇಕು. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ನನಗೂ ಬೇಡ, ಯಾವ ಆ್ಯಪೂ ಬೇಡ. 108.

"ನಮ್ಮೂರಲ್ಲಿ ನೆಟ್‌ವರ್ಕೇ ಇಲ್ಲ, ವಿಡಿಯೋ ಎಲ್ಲಿಂದ ಬರಬೇಕು?" ಎನ್ನುವವರಿದ್ದಾರೆ. ನಿಜ. ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಉಬ್ಬಸ ಇರುವ ಆಯಿ ಗುಡ್ಡ ಹತ್ತಲಾರರು. ಆದರೆ ವಿಡಿಯೋ ಕಡ್ಡಾಯ ಅಲ್ಲ. ಮನೆಯ ಹಳೇ ಲ್ಯಾಂಡ್‌ಲೈನ್ ಸಾಕಾಗುವುದುಂಟು, ಮಾತಾಡುವವರು ರೋಗಿಯೇ ಆಗಿದ್ದರೆ.

ಕಳೆದ ಮಳೆಗಾಲದಲ್ಲಿ ಹೀಗೇ ಒಬ್ಬ ಮಗ ಕರೆ ಮಾಡಿದ. ಆಯಿಗೆ ಸುಸ್ತಂತೆ, ನಿದ್ದೆ ಬರುತ್ತಿಲ್ಲವಂತೆ, ನಿದ್ದೆ ಮಾತ್ರೆ ಬರೆದುಕೊಡಿ. ಮನೆಯ ನಂಬರ್ ಕೇಳಿ ತೆಗೆದುಕೊಂಡು ನಾನೇ ಲ್ಯಾಂಡ್‌ಲೈನಿಗೆ ಮಾಡಿದೆ. ಆಯಿ ಎತ್ತಿದರು. ಒಂದೊಂದು ಮಾತಿಗೂ ಉಸಿರು ಕಟ್ಟುತ್ತಿತ್ತು. ಒಂದೇ ಉಸಿರಿನಲ್ಲಿ ಒಂದರಿಂದ ಎಣಿಸಿ ಎಂದೆ. ಏಳಕ್ಕೆ ನಿಂತರು. ಇದು ಪಕ್ಕಾ ಅಳತೆ ಅಲ್ಲ, ಒಂದು ಸುಳಿವು ಮಾತ್ರ. ನಿದ್ದೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. "ಮಲಗಿದ್ರೆ ಉಸಿರು ಕಟ್ತದೆ, ಗೋಡೆಗೆ ಒರಗಿ ಕೂತ್ಕೊಂಡೇ ಇರ್ತೇನೆ" ಎಂದರು. ಕಾಲು ಒತ್ತಿ ನೋಡಿ ಎಂದೆ, ಕುಳಿ ಬೀಳುತ್ತಿತ್ತು. ಹೃದಯ ಸೋಲುತ್ತಿರುವ ಲಕ್ಷಣ. ರಾತ್ರಿಯೇ ಆಸ್ಪತ್ರೆಗೆ ಸೇರಿಸಿದರು. ಆ ದಿನ ನಿದ್ದೆ ಮಾತ್ರೆ ಬರೆದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಈಗ ಶುಕ್ರವಾರ ಸಂಜೆ ಅವರೇ ಫೋನ್ ಮಾಡುತ್ತಾರೆ. ತೂಕ ಎಷ್ಟು, ಕಾಲು ಬಾತಿದೆಯಾ, ರಾತ್ರಿ ಎಷ್ಟು ದಿಂಬು ಬೇಕಾಯಿತು, ಎಲ್ಲವನ್ನೂ ನಾನು ಕೇಳುವ ಮೊದಲೇ ಹೇಳುತ್ತಾರೆ. ಮಗ ಬೆಂಗಳೂರಿನಿಂದ ಕರೆಯಲ್ಲಿ ಸೇರಿಕೊಂಡು ಕೇಳಿಸಿಕೊಳ್ಳುತ್ತಾನೆ.